ಐದನೆಯ ಮೆತ್ತೆ

ಮಾರ್ಚ್ 4

ಅತ್ತಿಗೆಗೆ ನಮಸ್ಕಾರ.

ಇಷ್ಟು ದಿನ ಸುದ್ದಿಯಿಲ್ಲದವನು ಕೆಲಸ ಬಿದ್ದಾಗ ನೆನಪಿಸಿಕೊಂಡ ಎಂದು ಬೈಯುತ್ತೀರಿ. ಬೈಯಿರಿ, ಆದರೆ ಬೈದು ಮುಗಿಸಿ ಕೆಲಸ ಮಾಡಿಕೊಡಿ.

ಮುದುಕಿಯ ಒಳಕೋಣೆಯ ಮೆತ್ತೆಗಳು ಪೂರ್ತಿ ಕೆಟ್ಟಿವೆ. ನೀವು ಮದುವೆಯಾಗಿ ಬಂದ ವರ್ಷ ಹೊಲಿದದ್ದು, ಇಪ್ಪತ್ತೆರಡು ವರ್ಷ ತಡೆದವು. ದೋಣಿಗೆ ಮುದುಕಿ ಎಂದು ಹೆಸರಿಟ್ಟವರೂ ಆಗ ನೀವೇ. ಈಗ ರೆಗ್ಜಿನ್ ಸೀಳಿದೆ, ಒಳಗಿನ ಫೋಮ್ ಹಳದಿ ಪುಡಿಯಾಗಿ ಉದುರುತ್ತಿದೆ. ಮೊನ್ನೆ ಟೀಚರಮ್ಮ ಒಬ್ಬರು ಆಚೆ ದಡದಲ್ಲಿ ಇಳಿದು ಬಟ್ಟೆ ಕೊಡವಿಕೊಳ್ಳುತ್ತ, "ಏನ್ರೀ ಇದು, ನಿಮ್ಮ ದೋಣಿ ಹತ್ತಿದ್ರೆ ಹಿಟ್ಟಿನ ಗಿರಣಿಗೆ ಹೋಗಿ ಬಂದ ಹಾಗಿರುತ್ತಲ್ಲ!" ಎಂದರು. ಜೊತೆಗಿದ್ದವರೆಲ್ಲ ನಕ್ಕರು. ನಾನೂ ಹಲ್ಲು ಕಿರಿದೆ, ಇನ್ನೇನು ಮಾಡಲಿ.

ಒಟ್ಟು ಏಳು. ಎಡಗಡೆ ಒಂದು, ಎರಡು, ಮೂರು. ಬಲಗಡೆ ನಾಲ್ಕು, ಐದು, ಆರು. ದೋಣಿಯ ಮೂತಿಯಲ್ಲಿ ಮೂರು ಮೂಲೆಯ ಏಳನೆಯದು. ಅಳತೆ ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಒಂದೇ ಒಂದು ಮಾತು. ಐದನೆಯದಕ್ಕೆ ಹೊದಿಕೆ ಮಾತ್ರ ಹೊಲಿಯಿರಿ. ಒಳಗಿನ ಫೋಮ್ ಹಳೆಯದೇ ಇರಲಿ. ಕಿಟಕಿ ಪಕ್ಕದ ಆ ಜಾಗ ಯಾರದು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಅಣ್ಣ ಟಿಕೆಟ್ ಚೀಲ ಹಿಡಿದು ಕೂತು ಕೂತು ಆದ ತಗ್ಗು ಇನ್ನೂ ಹಾಗೇ ಇದೆ.

ನಾನು ಗಟ್ಟಿಮುಟ್ಟಾಗಿದ್ದೇನೆ. ಚಿಂತೆ ಬೇಡ.

ನಿಮ್ಮ ಮೈದುನ


ಮಾರ್ಚ್ 11

ಮೈದುನರಾಯನಿಗೆ,

ಬೈದು ಮುಗಿಸಿದೆ. ಅಲ್ಲಿಗೆ ಕೇಳಿಸದಿದ್ದರೆ ನನ್ನ ತಪ್ಪಲ್ಲ. ಎಂಟು ತಿಂಗಳಿಂದ ನಿನ್ನ ಒಂದು ಫೋನಿಲ್ಲ. ನಾನೇ ಮಾಡಿದರೆ ನಿನ್ನ ಎಂಜಿನ್ನಿನವನು ಎತ್ತಿ, "ಅವ್ರು ಚುಕ್ಕಾಣಿ ಹಿಡ್ಕೊಂಡಿದಾರೆ ಅಕ್ಕಾ" ಎನ್ನುತ್ತಾನೆ. ಯಾವ ಹೊತ್ತಿಗೆ ಮಾಡಿದರೂ ಚುಕ್ಕಾಣಿಯೇ? ಊಟಕ್ಕೂ ಬಿಡುವುದಿಲ್ಲವೆ?

ನಿನ್ನ ಅಳತೆ ನೋಡಿ ನಗು ಬಂತು. ಎಡಗಡೆಯ ಮೂರು ಮೆತ್ತೆಯ ಉದ್ದ ಕೂಡಿಸಿದರೆ ಹದಿಮೂರು ಅಡಿ. ಬಲಗಡೆಯದು ಹತ್ತು. ಕೋಣೆ ಒಂದೇ, ಹಿಂದೊಂದು ಗೋಡೆ ಮುಂದೊಂದು ಗೋಡೆ. ಈ ವಯಸ್ಸಿನಲ್ಲಿ ಮುದುಕಿ ಸೊಂಟ ತಿರುಗಿಸಿಕೊಂಡು ನಿಂತಿದ್ದಾಳೆಯೆ? ಮತ್ತೊಮ್ಮೆ ಅಳೆದು ಕಳಿಸು.

ಬಟ್ಟೆಯ ಮೂರು ತುಂಡು ಇಟ್ಟಿದ್ದೇನೆ. ನೀರು ಹೀರದ ಬಟ್ಟೆ, ರೆಗ್ಜಿನ್ನಿನ ಹಾಗೆ ಸೀಳುವುದಿಲ್ಲ. ನೀಲಿ, ಕಾಫಿ ಬಣ್ಣ, ಕಡು ಹಸಿರು. ಯಾವುದು ಬೇಕೋ ಹೇಳು.

ಐದನೆಯದರ ಫೋಮ್ ಉಳಿಸಲು ಬರುವುದಿಲ್ಲ. ಪುಡಿಯಾದದ್ದರ ಮೇಲೆ ಹೊಸ ಹೊದಿಕೆ ಹಾಕಿದರೆ ಅದು ಮೆತ್ತೆಯಾಗುವುದಿಲ್ಲ, ಚೀಲವಾಗುತ್ತದೆ. ಇದು ಕೆಲಸದ ಮಾತು, ಬೇರೇನೂ ಅಲ್ಲ.

ಅತ್ತಿಗೆ

(ಪೆನ್ಸಿಲಿನಲ್ಲಿ:) ಮರೆತಿದ್ದೆ. ಮೆತ್ತೆ ಕೂರುವ ಹಲಗೆಗೆ ಗಾಳಿಯಾಡಲು ತೂತು ಕೊರೆದಿದೆಯೆ? ಇಲ್ಲದಿದ್ದರೆ ಅಡಿಯಿಂದ ಬೂಸಲು ಹಿಡಿಯುತ್ತದೆ, ಅಡಿಗೆ ಜಾಲರಿ ಬಟ್ಟೆ ಹಾಕಬೇಕು. ತಪ್ಪದೆ ತಿಳಿಸು.


ಮಾರ್ಚ್ 19

ಅತ್ತಿಗೆಗೆ ನಮಸ್ಕಾರ.

ಟೇಪು ತುಕ್ಕು ಹಿಡಿದಿತ್ತು, ಅದಕ್ಕೇ ಹಾಗಾಯಿತು. ಈ ಸಲ ಎಂಜಿನ್ನಿನವನ ಟೇಪಿನಿಂದ ಅಳೆದಿದ್ದೇನೆ. ಹೊಸ ಹಾಳೆ ಇಟ್ಟಿದ್ದೇನೆ. ಅಕ್ಷರ ದೊಡ್ಡದಾಗಿದೆ ಎಂದು ನಗಬೇಡಿ, ಬರೆಯುವಾಗ ದೋಣಿ ಅಲ್ಲಾಡುತ್ತಿತ್ತು.

ಬಟ್ಟೆಯಲ್ಲಿ ಬೂದು ಬಣ್ಣದ್ದು ಚೆನ್ನಾಗಿದೆ. ಕೊಳೆ ಕಾಣಿಸುವುದಿಲ್ಲ. ಅದನ್ನೇ ಮಾಡಿ.

ಐದನೆಯದರ ವಿಷಯ ನಿಮಗೆ ಬಿಟ್ಟಿದ್ದು, ಆದರೂ ಇನ್ನೊಮ್ಮೆ ಯೋಚಿಸಿ. ಜನ ಬಂದು ಕೂರಲು ಹೋದರೆ ನಾನು, "ಅಲ್ಲಿ ಬೇಡ, ಪಕ್ಕಕ್ಕೆ ಬನ್ನಿ" ಎನ್ನುತ್ತೇನೆ. ಏಳು ವರ್ಷದಿಂದ ಹಾಗೇ ನಡೆದಿದೆ.

ಇವತ್ತು ಗಾಳಿಯೇ ಇಲ್ಲ. ನೀರು ತಟ್ಟೆಯಲ್ಲಿ ಹಾಕಿಟ್ಟ ಹಾಗೆ ನಿಂತಿದೆ. ಬೆಳಗಿನಿಂದ ಎಲೆ ಅಲ್ಲಾಡಿಲ್ಲ.

ನಿಮ್ಮ ಮೈದುನ


ಮಾರ್ಚ್ 26

ಮೈದುನನಿಗೆ,

ಎಲೆ ಅಲ್ಲಾಡದ ದಿನ ನಿನ್ನ ದೋಣಿ ಮಾತ್ರ ಅಲ್ಲಾಡಿತೆ? ಬೂದು ಬಣ್ಣ ನಾನು ಕಳಿಸಿಯೇ ಇಲ್ಲ. ಹಲಗೆಗೆ ತೂತಿದೆಯೆ ಎಂದು ಕೇಳಿದ್ದಕ್ಕೆ ಉತ್ತರವಿಲ್ಲ. ಹೊಸ ಅಳತೆಯಲ್ಲಿ ಮೂತಿಯ ಮೆತ್ತೆ ಒಂಬತ್ತು ಅಡಿ ಅಗಲವಿದೆ. ಅಷ್ಟು ಅಗಲದ ಮೂತಿ ಹಡಗಿಗೆ ಇರುತ್ತದೆ.

ನನ್ನ ಕಿವಿಗೆ ಹೂ ಇಡಬೇಡ. ಓಡುವ ಎಂಜಿನ್ನಿನ ಮೇಲೆ ಅಂಗೈ ಇಟ್ಟು ಯಾವ ನಟ್ಟು ಸಡಿಲವಾಗಿದೆ ಎಂದು ಹೇಳುವವನು ನೀನು. ಅಂಥವನು ಎರಡು ಸಲ ಅಳೆದು ಎರಡು ಸಲವೂ ಅಡಿಗಟ್ಟಲೆ ತಪ್ಪುತ್ತಾನೆಯೆ? ನಿನ್ನ ಉಪಾಯ ನನಗೆ ಅರ್ಥವಾಗಿದೆ. ಅಳತೆ ಕೆಡಿಸಿದರೆ ಅತ್ತಿಗೆ ಬೇಸತ್ತು ತಾನೇ ಟೇಪು ಹಿಡಿದು ಬಂದು ದೋಣಿ ಹತ್ತುತ್ತಾಳೆ ಎಂದು ಲೆಕ್ಕ ಹಾಕಿದ್ದೀಯೆ.

ನಾನು ಬರುವುದಿಲ್ಲ. ಅವರು ಹೋದ ಮೇಲೆ ಈ ಊರಿಗೆ ಬಂದು ಕುಶನ್ ಅಂಗಡಿ ಹಾಕಿ, ಕಂಡವರ ಸೋಫಾ ಹೊಲಿದು, ಹೇಗೋ ದಿನ ಒಂದು ದಾರಿಗೆ ತಂದುಕೊಂಡಿದ್ದೇನೆ. ಆ ದೋಣಿಗೆ ಕಾಲಿಡುವುದಿಲ್ಲ. ಇದನ್ನು ಆಟ ಮಾಡಿಕೊಳ್ಳಬೇಡ.

ಅತ್ತಿಗೆ


ಏಪ್ರಿಲ್ 2

ಅತ್ತಿಗೆಗೆ,

ಸಿಕ್ಕಿಬಿದ್ದೆ. ನೀವು ಊಹಿಸಿದ್ದೇ ಸರಿ, ನೀವು ಬರಲಿ ಎಂದು ಹಾಗೆ ಮಾಡಿದೆ. ಕ್ಷಮಿಸಿ.

ಏಳು ವರ್ಷದಿಂದ ನೀವು ಯಾಕೆ ಬರುತ್ತಿಲ್ಲ ಎಂದು ನನಗೆ ಗೊತ್ತು. ನೀವು ದೊಡ್ಡ ಮನಸ್ಸಿನವರು, ಬಾಯಿಬಿಟ್ಟು ಹೇಳಲಿಲ್ಲ. ತಪ್ಪು ನನ್ನದೇ. ನನ್ನ ಮುಖ ನೋಡುವುದು ನಿಮಗೆ ಕಷ್ಟ ಎಂದು ತಿಳಿದೂ ಈ ಮೆತ್ತೆಯ ನೆಪ ತೆಗೆಯಬಾರದಿತ್ತು.

ಇನ್ನು ಇದನ್ನು ಬಿಟ್ಟುಬಿಡಿ. ಜನ ಹಲಗೆಯ ಮೇಲೆ ಕೂರಲಿ. ಹತ್ತು ನಿಮಿಷದ ದಾರಿ.

ನಿಮ್ಮ ಮೈದುನ


ಏಪ್ರಿಲ್ 10

ಮೈದುನನಿಗೆ,

ಯಾವ ತಪ್ಪು? ನಿನ್ನ ಮುಖ ನನಗೇನು ಮಾಡಿದೆ? ಅದು ಮೊದಲೂ ಅಂಥ ಚೆಂದವೇನಿರಲಿಲ್ಲ, ಆದರೂ ಹದಿನೈದು ವರ್ಷ ದಿನವೂ ನೋಡಿದ್ದೇನೆ. ಒಗಟು ಬೇಡ, ಬಿಡಿಸಿ ಬರೆ.

ಮೆತ್ತೆ ಹೊಲಿಯದೆ ಬಿಡುವವಳಲ್ಲ ನಾನು. ನನ್ನ ಕೈಯ ಕೆಲಸ ಜನರ ಬಟ್ಟೆಗೆ ಹಿಟ್ಟಾಗಿ ಅಂಟುತ್ತಿದೆ ಎಂದು ಕೇಳಿದ ಮೇಲೆ ಸುಮ್ಮನೆ ಕೂರಲಾಗುತ್ತದೆಯೆ? ಕಳೆದ ಸಲ ಸಿಟ್ಟಿನಲ್ಲಿ ಬರೆದೆ. ಅದು ಹಾಗಿರಲಿ.

ಟೇಪು ಮುಟ್ಟಬೇಡ. ನಿಜ ಹೇಳಬೇಕೆಂದರೆ ದೋಣಿಯ ಸೀಟಿಗೆ ಟೇಪು ನಡೆಯುವುದೇ ಇಲ್ಲ, ಅಲ್ಲಿ ನೇರವಾದ ಒಂದು ಗೆರೆಯೂ ಇರುವುದಿಲ್ಲ. ದಪ್ಪ ಕಾಗದ ತಗೊ. ಹಲಗೆಯ ಮೇಲೆ ಹಾಸು. ಅಂಚಿನುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ಮಡಿಕೆ ಮಾಡು, ಮಡಿಕೆಯ ಮೇಲೆ ಕತ್ತರಿಸು. ಮೇಲಿನ ಮಗ್ಗುಲಿಗೆ ದೊಡ್ಡದಾಗಿ ಗುರುತು ಹಾಕು. ಗುರುತಿಲ್ಲದ ಕಾಗದ ನಾನು ಮಗುಚಿ ಇಟ್ಟುಕೊಂಡರೆ ಎಡದ್ದು ಬಲದ್ದಾಗುತ್ತದೆ, ಆಮೇಲೆ ಯಾವುದೂ ಕೂರುವುದಿಲ್ಲ. ಪ್ರತಿ ಕಾಗದದ ಮೇಲೂ ಅದರ ಅಳತೆ ಬರೆ, ತಾಳೆ ನೋಡಲು ಬೇಕು.

ಅತ್ತಿಗೆ


ಮೇ 1

ಅತ್ತಿಗೆಗೆ,

ತಡವಾಯಿತು, ಕೆಲಸ ಇತ್ತು. ಏಳು ಕಾಗದ ಬಸ್ಸಿನಲ್ಲಿ ಕಳಿಸಿದ್ದೇನೆ. ಮೇಲಿನ ಮಗ್ಗುಲಿಗೆ ಮೊಳೆಯಿಂದ ತೂತು ಹೊಡೆದು ಗುರುತು ಮಾಡಿದ್ದೇನೆ. ಅಳತೆಯೂ ಬರೆದಿದ್ದೇನೆ.

ಮೈದುನ


ಮೇ 6

ಮೈದುನನಿಗೆ,

ಪಾರ್ಸೆಲ್ಲಿನ ಮೇಲೆ ವಿಳಾಸ ಬರೆಯುವ ದಪ್ಪ ಮಾರ್ಕರಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಒಂದು ಹಾಳೆಗೆ ಎಂಟೇ ಸಾಲು ಹಿಡಿಯುತ್ತದೆ. ಹಾಳೆ ಎಷ್ಟಾದರೂ ಆಗಲಿ.

ನಿನ್ನ ಏಳು ಕಾಗದವನ್ನೂ ಅಂಗಡಿಯ ನೆಲದ ಮೇಲೆ ಜೋಡಿಸಿದೆ. ಒಂದಕ್ಕೊಂದು ಅಂಚು ಕೂಡಿ, ಮುದುಕಿಯ ಕೋಣೆ ನನ್ನ ಕಾಲ ಬಳಿ ಎದ್ದು ಬಂತು. ಕೂದಲೆಳೆ ತಪ್ಪಿಲ್ಲ. ಮೂವತ್ತು ವರ್ಷ ಕೆಲಸ ಮಾಡಿದವರೂ ಹೀಗೆ ತೆಗೆಯಲಾರರು.

ಆದರೆ ಅವುಗಳ ಮೇಲೆ ಬರೆದ ಅಳತೆ ಒಂದೂ ಸರಿಯಿಲ್ಲ. ಒಂದು ಸಂಖ್ಯೆಯ ಮೇಲೆಯೇ ಇನ್ನೊಂದು ಬರೆದಿದ್ದೀಯೆ. ನಾಲ್ಕನೆಯದರ ಅಳತೆಯಂತೂ ಕಾಗದ ದಾಟಿ, ಅಡಿಯಲ್ಲಿದ್ದ ಕಾಗದದ ಮೇಲೆ ಮುಂದುವರಿದಿದೆ.

ಬೆರಳು ಮಾಡಿದ್ದೆಲ್ಲ ಸರಿ. ಕಣ್ಣು ಮಾಡಿದ್ದೆಲ್ಲ ತಪ್ಪು. ಪೆನ್ಸಿಲಿನಲ್ಲಿ ಬರೆದದ್ದಕ್ಕೆ ಉತ್ತರ ಬರಲಿಲ್ಲ. ನೀಲಿ ಬೂದಾಯಿತು. ಫೋನ್ ನಿಂತಿತು. ನಾನು ಎಂಥ ದಡ್ಡಿ, ಆಟ ಆಡುತ್ತಿದ್ದೀಯೆ ಎಂದು ನಿನ್ನನ್ನೇ ಗದರಿದೆ. ನಾಚಿಕೆಯಾಗುತ್ತಿದೆ ಕಣೋ.

ಎಷ್ಟು ದಿನದಿಂದ ನಿನಗೆ ಕಾಣಿಸುತ್ತಿಲ್ಲ?

ಜನರನ್ನು ಹತ್ತಿಸಿಕೊಂಡು ಈಗಲೂ ನೀನೇ ನಡೆಸುತ್ತಿದ್ದರೆ, ಈ ಪತ್ರ ಓದಿದ ಕ್ಷಣ ನಿಲ್ಲಿಸು.

ಅತ್ತಿಗೆ


ಮೇ 12

ಅತ್ತಿಗೆಗೆ ನಮಸ್ಕಾರ.

ಇದನ್ನು ನಾನು ಹೇಳುತ್ತಿದ್ದೇನೆ, ಎಂಜಿನ್ನಿನವನು ಬರೆಯುತ್ತಿದ್ದಾನೆ. ಅವನಿಂದ ಮುಚ್ಚಿಡುವುದು ಇನ್ನೇನೂ ಉಳಿದಿಲ್ಲ.

ಎರಡು ವರ್ಷವಾಯಿತು. ಮೊದಲು ಜೆಟ್ಟಿಯ ದೀಪ ಒಂದಿದ್ದದ್ದು ಮೂರಾಗಿ ಕಂಡಿತು. ಆಮೇಲೆ ನೀರಿನ ಮೇಲೆ ಬಿಸಿಲು ಬಿದ್ದರೆ ಎದುರಿಗೆ ಹಾಲು ಚೆಲ್ಲಿದ ಹಾಗೆ. ಈಗ ಹತ್ತುವವರ ಮುಖ ಕಾಣುವುದಿಲ್ಲ, ದನಿಯಿಂದ ಗುರುತು ಹಿಡಿಯುತ್ತೇನೆ. ನಿಮ್ಮ ಪತ್ರಗಳನ್ನು ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದುತ್ತಿದ್ದೆ. ಮಾರ್ಕರಿನ ಪತ್ರ ಓದುವಾಗ ಕನ್ನಡಿ ಬೇಕಾಗಲಿಲ್ಲ.

ಈ ದಾರಿ ಕೈಗೇ ಗೊತ್ತಿದೆ, ಕಣ್ಣು ಯಾಕೆ ಎಂದುಕೊಂಡಿದ್ದೆ. ಏಪ್ರಿಲ್ 28ಕ್ಕೆ ಹತ್ತೊಂಬತ್ತು ಜನರನ್ನು ಕೂರಿಸಿಕೊಂಡು ಜೆಟ್ಟಿಯ ಕಂಬಕ್ಕೆ ಗುದ್ದಿದೆ. ಯಾರಿಗೂ ಪೆಟ್ಟಾಗಲಿಲ್ಲ. ಟೀಚರಮ್ಮ ಹಲಗೆಯ ಅಂಚು ಹಿಡಿದುಕೊಂಡದ್ದರಿಂದ ಬೀಳಲಿಲ್ಲ. ಚುಕ್ಕಾಣಿ ಸಿಕ್ಕಿಕೊಂಡಿತು ಎಂದು ಎಲ್ಲರಿಗೂ ಹೇಳಿದೆ. ಅವರು ನಂಬಿದರು.

ನಿಮ್ಮ ಪತ್ರ ಬಂದ ದಿನವೇ ಚುಕ್ಕಾಣಿ ಬಿಟ್ಟುಕೊಟ್ಟೆ. ಎಂಜಿನ್ನಿನವನಿಗೂ ನಡೆಸುವ ಪರವಾನಗಿ ಇದೆ. ಟೀಚರಮ್ಮನಿಗೆ ನಿಜ ಹೇಳಿದೆ. ಅವರು, "ಮೊದ್ಲೇ ಹೇಳಬಾರ್ದಿತ್ತಾ?" ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ಹೋದ ವರ್ಷವೇ ಡಾಕ್ಟರು ಹೇಳಿದ್ದರು. "ಸಣ್ಣ ಆಪರೇಷನ್ನು, ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗ್ಬಹುದು" ಎಂದರು. ಎದ್ದು ಬಂದುಬಿಟ್ಟೆ. ಸಣ್ಣ ಆಪರೇಷನ್ನು ಎಂಬ ಮಾತು ನಾನು ಮೊದಲೂ ಕೇಳಿದ್ದೇನೆ. ಅಣ್ಣನ ಹರ್ನಿಯಾಕ್ಕೂ ಹಾಗೇ ಹೇಳಿದ್ದರು. ಅವನು ಬೇಡ ಎಂದಾಗ, "ಹೋಗಣ್ಣಾ, ಹೆದರಪುಕ್ಕಲನ ಹಾಗೆ ಮಾಡ್ಬೇಡ, ನಾಲ್ಕೇ ದಿನ, ಆಮೇಲೆ ಬಂದು ಟಿಕೆಟ್ ಹರೀತೀಯ" ಎಂದು ನಾನೇ ದಬ್ಬಿ ಕಳಿಸಿದೆ. ಅವನು ಆ ಮಂಚದಿಂದ ಏಳಲಿಲ್ಲ. ಅದಕ್ಕೇ ನೀವು ದೋಣಿಯ ಕಡೆ ತಿರುಗಿ ನೋಡುತ್ತಿಲ್ಲ. ನೀವು ಕೇಳಿದ ಒಗಟು ಇದೇ.

ಈಗ ನಾನು ಐದನೆಯ ಮೆತ್ತೆಯ ಮೇಲೆ ಕೂತು ಟಿಕೆಟ್ ಹರಿಯುತ್ತೇನೆ. ಇದಿಷ್ಟೇ ಸಾಕು ನನಗೆ. ಆ ಮಂಚ ಹತ್ತಲಾರೆ.

ನಿಮ್ಮ ಮೈದುನ


ಮೇ 17

ತಮ್ಮಾ,

ಎಂಜಿನ್ನಿನವನೇ, ಇದನ್ನು ನಿಧಾನವಾಗಿ, ಗಟ್ಟಿಯಾಗಿ ಓದು. ನಡುವೆ ಅವನು ಎದ್ದು ಹೋದರೆ ಕೈ ಹಿಡಿದು ಕೂರಿಸು.

ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕಿದವಳು ನಾನು. ನೀನು ಹೋಗು ಎಂದೆ, ನಾನೂ ಹೋಗಿ ಎಂದೆ. ಕೊನೆಗೆ ನೋವು ತಡೆಯಲಾರದೆ ಅವರೇ ಹೋಗುತ್ತೇನೆ ಎಂದರು. ಒಳಗೆ ಹೋಗುವಾಗ ನಿನ್ನ ಮಾತೇ ಹೇಳಿ ನಗುತ್ತಿದ್ದರು, "ನನ್ನನ್ನು ಹೆದರಪುಕ್ಕಲ ಅಂದನಲ್ಲ, ಅವನಿಗೆ ಸೂಜಿ ಕಂಡ್ರೆ ಜ್ವರ ಬರುತ್ತೆ" ಎಂದು. ಅವರ ಹೃದಯ ಸೋತಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ನೀನು ಕೊಲ್ಲಲಿಲ್ಲ. ನಾನೂ ಕೊಲ್ಲಲಿಲ್ಲ. ಇದನ್ನು ನನಗೆ ನಾನೇ ಹೇಳಿಕೊಂಡು ನಂಬಲು ಮೂರು ವರ್ಷ ಹಿಡಿಯಿತು. ನೀನೂ ಅದನ್ನೇ ಹೊತ್ತು ತಿರುಗುತ್ತಿದ್ದೀಯೆ ಎಂದು ಗೊತ್ತಿದ್ದರೆ ಅಂದೇ ಓಡಿ ಬರುತ್ತಿದ್ದೆ.

ನಾನು ದೋಣಿಗೆ ಬರದಿದ್ದದ್ದು ನಿನ್ನ ಮೇಲಿನ ಸಿಟ್ಟಿನಿಂದಲ್ಲ. ಆ ಐದನೆಯ ಮೆತ್ತೆಯ ತಗ್ಗು ನೋಡಲಾರದೆ. ನೀನು ಅದನ್ನು ಏಳು ವರ್ಷ ಕಾಯ್ದೆ, ನಾನು ಅದರಿಂದ ಏಳು ವರ್ಷ ಓಡಿದೆ. ಇಬ್ಬರೂ ಬಾಯಿಬಿಡಲಿಲ್ಲ.

ಕಣ್ಣಿನ ಆಸ್ಪತ್ರೆ ನಮ್ಮ ಬೀದಿಯ ಕೊನೆಯಲ್ಲಿಯೇ ಇದೆ. ಡಾಕ್ಟರಮ್ಮನ ಕಾರಿನ ಸೀಟು ನಾನೇ ಹೊಲಿದದ್ದು. ನಿನ್ನ ಅಣ್ಣನ ವಿಷಯ ಎಲ್ಲ ಹೇಳಿದ್ದೇನೆ. ಮೊದಲು ಹೃದಯ ನೋಡಿಸಿ, ಎಲ್ಲ ಸರಿಯಿದ್ದರೆ ಮಾತ್ರ ಜೂನ್ 3ಕ್ಕೆ ಒಂದು ಕಣ್ಣು. ಮಂಪರಿನ ಔಷಧಿ ಇಲ್ಲ, ಎಚ್ಚರವಾಗಿಯೇ ಇರುತ್ತೀಯೆ. ಬೇಕಾದರೆ ಅವರ ಜೊತೆ ಜಗಳವಾಡಬಹುದು.

ಬಾಗಿಲ ಹೊರಗೆ ಬೆಂಚಿನ ಮೇಲೆ ನಾನು ಕೂತಿರುತ್ತೇನೆ. ನನಗೂ ಹೆದರಿಕೆ ಇದೆ, ಸುಳ್ಳು ಹೇಳುವುದಿಲ್ಲ. ಆದರೂ ಬಾ. ಬರುವಾಗ ಐದನೆಯ ಮೆತ್ತೆ ತಗೊಂಡು ಬಾ.

ಅತ್ತಿಗೆ


ಮೇ 22

ಬರುತ್ತೇನೆ. ಮೆತ್ತೆಯನ್ನು ಹಾಳೆಯಲ್ಲಿ ಸುತ್ತಿದ್ದೇನೆ.

ಮೈದುನ


ಜೂನ್ 16

ಮೈದುನರಾಯನಿಗೆ,

ನೀನು ಹೋಗಿ ಒಂದು ವಾರವಾಯಿತು. ಮನೆಯಲ್ಲಿ ಗದ್ದಲ ಕಡಿಮೆಯಾಗಿದೆ. ನರ್ಸಮ್ಮ ಇನ್ನೂ ನಿನ್ನ ಕಥೆ ಹೇಳಿ ನಗುತ್ತಾರಂತೆ: ಆಪರೇಷನ್ ಮುಗಿದು ಅರ್ಧ ಗಂಟೆಯಾದರೂ ಕಣ್ಣು ಬಿಗಿಹಿಡಿದು, "ಶುರು ಮಾಡೋವಾಗ ಹೇಳ್ರಿ" ಎಂದೆಯಂತೆ.

ಏಳೂ ಮೆತ್ತೆ ಇವತ್ತಿನ ಬಸ್ಸಿಗೆ ಹಾಕಿದ್ದೇನೆ. ಫೋಮ್ ಹೊದಿಕೆಗಿಂತ ಅರ್ಧ ಇಂಚು ದೊಡ್ಡದಾಗಿ ಕತ್ತರಿಸಿದ್ದೇನೆ, ಬಿಗಿಯಾಗಿ ಕೂರಲಿ ಎಂದು. ಜಿಪ್ಪು ಪ್ಲಾಸ್ಟಿಕ್ಕಿನದು, ತುಕ್ಕು ಹಿಡಿಯುವುದಿಲ್ಲ. ಅಡಿಗೆ ಜಾಲರಿ ಹಾಕಿದ್ದೇನೆ, ಹಲಗೆಗೆ ತೂತಿದೆಯೋ ಇಲ್ಲವೋ ನೀನು ಇವತ್ತಿಗೂ ಹೇಳಿಲ್ಲ. ಜಿಪ್ಪಿನ ತುದಿಯಲ್ಲಿ ನೂಲಿನ ಗಂಟು ಹಾಕಿದ್ದೇನೆ: ಒಂದನೆಯದಕ್ಕೆ ಒಂದು, ಎರಡನೆಯದಕ್ಕೆ ಎರಡು. ಹಾಗೇ ಏಳರವರೆಗೆ. ಕಣ್ಣಿಗೆ ಶ್ರಮ ಕೊಡದೆ ಬೆರಳಿನಿಂದ ಎಣಿಸಿ ಜೋಡಿಸು. ಎತ್ತುವ ಕೆಲಸ ಎಂಜಿನ್ನಿನವನು ಮಾಡಲಿ, ಡಾಕ್ಟರಮ್ಮ ಹೇಳಿದ್ದು ನೆನಪಿರಲಿ.

ಐದನೆಯದರ ಹಳೆಯ ಫೋಮನ್ನು ನೀನು ಇಲ್ಲಿ ಮಲಗಿದ್ದಾಗ ಹಿತ್ತಲಿನಲ್ಲಿ ಕೂತು ಹೊರಗೆ ತೆಗೆದೆ. ತಗ್ಗಿನ ಮೇಲೆ ಕೈ ಇಟ್ಟೆ. ಕೈಯಡಿಯಲ್ಲೇ ಪುಡಿಯಾಗಿ ಕುಸಿಯಿತು. ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಹೊಸದು ಕತ್ತರಿಸಿದೆ. ನಿನಗೆ ಅಂದು ಹೇಳಲಿಲ್ಲ, ಕಣ್ಣಲ್ಲಿ ನೀರು ಬರಬಾರದು ಎಂದಿದ್ದರು.

ಅತ್ತಿಗೆ


ಜೂನ್ 27

ಅತ್ತಿಗೆಗೆ ನಮಸ್ಕಾರ.

ಅಕ್ಷರ ನೋಡಿ! ಎಷ್ಟು ಸಣ್ಣದು! ಗೆರೆಯ ಮೇಲೆಯೇ ಕೂತಿದೆ. ಎಂಜಿನ್ನಿನವನಿಗೆ ತೋರಿಸಿದರೆ, "ಸಾಕು ಮಾರಾಯ್ರೆ, ಈಗ ನಾವು ಓದೋಕೆ ಆಗ್ತಿಲ್ಲ" ಎನ್ನುತ್ತಾನೆ.

ನೀಲಿ, ಅತ್ತಿಗೆ. ಮೆತ್ತೆ ನೀಲಿ. ಕಟ್ಟು ಬಿಚ್ಚಿದ ಕೂಡಲೆ ಒಳಕೋಣೆಯೆಲ್ಲ ನೀಲಿ. ಇದನ್ನು ನಾನು ಬೂದು ಎಂದಿದ್ದೆನಲ್ಲ! ಬಲಗಣ್ಣು ಮುಚ್ಚಿದರೆ ನೀಲಿ, ಎಡಗಣ್ಣು ಮುಚ್ಚಿದರೆ ಬೂದು. ಅಂದಿನಿಂದ ಅದೇ ಆಟ ಆಡುತ್ತಿದ್ದೇನೆ. ಗಂಟು ಎಣಿಸಿಯೇ ಜೋಡಿಸಿದೆ. ಏಳೂ ಹುಟ್ಟಿದ್ದೇ ಅಲ್ಲಿ ಎನ್ನುವ ಹಾಗೆ ಕೂತವು. ಟೀಚರಮ್ಮ ಕೂತು, ಎದ್ದು, ಬಟ್ಟೆ ಕೊಡವಿ ನೋಡಿ, ಮತ್ತೆ ಕೂತರು. ಹಲಗೆಗೆ ತೂತು ಇದೆ, ಮೆತ್ತೆಗೆ ಹನ್ನೆರಡರ ಹಾಗೆ. ಈಗ ಕಣ್ಣಾರೆ ಎಣಿಸಿದೆ.

ಒಂದು ದೂರು ಇದೆ. ಮೂರನೆಯದರ ಎಡ ಮೂಲೆಯಲ್ಲಿ ಎರಡು ಹೊಲಿಗೆ ಗೆರೆ ಬಿಟ್ಟು ಹೊರಗೆ ಹೋಗಿವೆ. ನಿಮ್ಮ ಕೈಗೂ ವಯಸ್ಸಾಯಿತೆ? ಬೇಜಾರು ಮಾಡಿಕೊಳ್ಳಬೇಡಿ, ಬೇರೆ ಯಾರಿಗೂ ಕಾಣುವುದಿಲ್ಲ.

ಐದನೆಯದರ ಮೇಲೆ ಕೂತೆ. ಗಟ್ಟಿಯಾಗಿದೆ, ಗುರುತಿಲ್ಲದವರ ಮನೆಯಲ್ಲಿ ಕೂತ ಹಾಗಿದೆ. ಅಣ್ಣ ಇನ್ನೊಮ್ಮೆ ಹೋದ ಹಾಗೆ ಸಂಕಟವಾಯಿತು. ಆದರೆ ನಿನ್ನೆ ಮುದುಕರೊಬ್ಬರು ಬಂದು ಅಲ್ಲಿ ಕೂತಾಗ "ಪಕ್ಕಕ್ಕೆ ಬನ್ನಿ" ಎನ್ನಲಿಲ್ಲ.

ಬಲಗಣ್ಣಿನ ವಿಷಯ. ಒಂದು ಕಣ್ಣಿನಿಂದಲೇ ಎಲ್ಲ ನಡೆಯುತ್ತಿದೆ. ಎರಡೂ ಆಗದೆ ಚುಕ್ಕಾಣಿ ಮುಟ್ಟಬೇಡ ಎಂದಿದ್ದಾರೆ, ಸರಿ, ನಾನು ಟಿಕೆಟ್ ಹರಿಯುತ್ತ ಇರುತ್ತೇನೆ. ಮತ್ತೊಮ್ಮೆ ಆ ಮಂಚ ಯಾಕೆ ಅನ್ನಿಸುತ್ತದೆ. ಒಂದು ಸಲ ಪಾರಾದೆ, ಅದೇ ದೊಡ್ಡದು.

ನಿಮ್ಮ ಮೈದುನ


ಜುಲೈ 3

ಮೈದುನರಾಯನಿಗೆ,

ನನ್ನ ಕೈಗೆ ವಯಸ್ಸಾಗಿಲ್ಲ. ಆ ಎರಡು ಹೊಲಿಗೆ ಬೇಕೆಂದೇ ತಪ್ಪಿಸಿದೆ. ಬಿಚ್ಚಿ, ಹೊರಗೆ ಎಳೆದು ಮತ್ತೆ ಹೊಲಿಯಲು ಸರಿಯಾಗಿ ಹೊಲಿಯುವುದಕ್ಕಿಂತ ಹೆಚ್ಚು ಹೊತ್ತಾಯಿತು. "ಚೆನ್ನಾಗಿ ಕಾಣಿಸುತ್ತಿದೆ" ಎಂದು ನೀನು ಬರೆದರೆ ನಾನು ನಂಬಬೇಕೆ? ಎರಡು ವರ್ಷ ಗಟ್ಟಿಮುಟ್ಟಾಗಿದ್ದವನು ನೀನು. ಅದಕ್ಕೇ ನನ್ನದೇ ಒಂದು ಪರೀಕ್ಷೆ ಇಟ್ಟೆ. ದೂರಿನ ಸಾಲು ಓದಿ ಅಂಗಡಿಯಲ್ಲಿ ಗಿರಾಕಿಯ ಎದುರಿಗೇ ಚಪ್ಪಾಳೆ ತಟ್ಟಿದೆ. ಹೊಲಿಗೆ ಸರಿಯಿಲ್ಲ ಎಂದರೆ ಇಷ್ಟು ಸಂತೋಷಪಡುವ ಹೆಂಗಸನ್ನು ಅವರು ನೋಡಿರಲಿಲ್ಲವಂತೆ.

ಇನ್ನು ಬಲಗಣ್ಣು. ಹೀಗೊಂದು ದಿನ ನೀನು ಜಾರಿಕೊಳ್ಳುತ್ತೀಯೆ ಎಂದು ಗೊತ್ತಿತ್ತು. ಅದಕ್ಕೆ ಅಂಥದೇ ಇನ್ನೊಂದು ತಪ್ಪು ಹೊಲಿಗೆ ಹಾಕಿಟ್ಟಿದ್ದೇನೆ. ಐದನೆಯದರಲ್ಲಿದೆ. ನೀಲಿಯ ಮೇಲೆ ನೀಲಿ ನೂಲು. ಅದನ್ನು ಎಡಗಣ್ಣು ಮುಚ್ಚಿಕೊಂಡು ಹುಡುಕಬೇಕು. ಕದ್ದು ನೋಡದ ಹಾಗೆ ಎಂಜಿನ್ನಿನವನನ್ನು ಕಾವಲಿಗೆ ಹಾಕಿದ್ದೇನೆ. ಈಗ ಸಿಗುವುದಿಲ್ಲ, ಪ್ರಯತ್ನ ಮಾಡಿ ಕೈ ಸುಟ್ಟುಕೊಳ್ಳಬೇಡ. ಆಗಸ್ಟ್ 5ಕ್ಕೆ ಡಾಕ್ಟರಮ್ಮನ ಹತ್ತಿರ ದಿನ ಹಿಡಿದಿದ್ದೇನೆ. ಅದೇ ಬೆಂಚು, ಅದೇ ನಾನು.

ಆ ಹೊಲಿಗೆ ಕಣ್ಣಿಗೆ ಬಿದ್ದ ದಿನ ಒಂದು ಸಾಲು ಬರೆ. ನೀನು ಮೆತ್ತೆ ಕಳಿಸಬೇಡ. ಸೂಜಿ ನೂಲು ತಗೊಂಡು ನಾನೇ ದೋಣಿಗೆ ಬರುತ್ತೇನೆ, ಅದರ ಮೇಲೆಯೇ ಕೂತು ಸರಿಮಾಡುತ್ತೇನೆ. ಅಂದು ಚುಕ್ಕಾಣಿ ನೀನು ಹಿಡಿ.

ಅತ್ತಿಗೆ